ಫುಟ್‌ಬಾಲ್ ಮೈದಾನ ಊರಾಚೆ ಹೋಗಬೇಕೆ?

ಮಹಾರಾಷ್ಟ್ರದ ಗಡಿಯ ಜತ್ತದಲ್ಲಿ ಕೂತವನಿಗೆ ಫುಟ್‌ಬಾಲ್ ಅಂದರೆ ಎರಡು ಊರಿನ ಸುದ್ದಿ. ಮರಾಠಿ ಪತ್ರಿಕೆ ತೆರೆದರೆ ಕೊಲ್ಲಾಪುರ, ಟಿ.ವಿ. ಹಚ್ಚಿದರೆ ಬೆಂಗಳೂರು. ನಮ್ಮದು ಕುಸ್ತಿಯ ಸೀಮೆ. ಇಲ್ಲಿ ನಾಲ್ಕು ಜನ ಕೂಡಿದರೆ ಮೊದಲು ಏಳುವ ಮಾತು ಮ್ಹೈಸಾಳ ಯೋಜನೆಯ ನೀರಿನದು, ಸ್ಟೇಡಿಯಂನದಲ್ಲ. ಆದರೆ ದೊಡ್ಡ ಪಂದ್ಯ ಕಣ್ಣಾರೆ ನೋಡಬೇಕೆಂದರೆ ಬಸ್ಸೋ ರೈಲೋ ಹತ್ತಿ ಈ ಎರಡರಲ್ಲೊಂದು ಊರಿಗೆ ಹೋಗಬೇಕು. ಹಾಗಾಗಿ ಸ್ಟೇಡಿಯಂ ಎಲ್ಲಿರಬೇಕು ಎಂಬ ಚರ್ಚೆಯಲ್ಲಿ ಹೊರಗಿನಿಂದ ಬರುವ ನಮಗೂ ಒಂದು ಪಾಲಿದೆ.

ಸದ್ಯ ಎರಡೂ ಕಡೆ ಮೈದಾನ ಇರುವುದು ಊರ ನಟ್ಟನಡುವೆ. ಕೊಲ್ಲಾಪುರದಲ್ಲಿ ರಾಜರ್ಷಿ ಶಾಹು ಕ್ರೀಡಾಂಗಣ, ಬೆಂಗಳೂರಿನಲ್ಲಿ ಶ್ರೀ ಕಂಠೀರವ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ಕರ್ನಾಟಕ ಸರ್ಕಾರ ಆನೇಕಲ್ ಕಡೆಯ ಸೂರ್ಯನಗರದಲ್ಲಿ 80,000 ಆಸನಗಳ ಕ್ರಿಕೆಟ್ ಕ್ರೀಡಾಂಗಣದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಕ್ರಿಕೆಟ್ ಹೊರಗೆ ಹೊರಟಿತು, ಫುಟ್‌ಬಾಲ್ ಏನು ಮಾಡಬೇಕು? ಎರಡೂ ವಾದವನ್ನು ನಾನೇ ಬರೆಯುತ್ತಿದ್ದೇನೆ. ನನ್ನ ಒಲವು ಎರಡನೆಯದರ ಕಡೆಗಿದೆ. ಆದರೆ ಮೊದಲನೆಯದನ್ನು ಸಡಿಲ ಮಾಡಿ ಹೊಡೆದುಹಾಕುವ ಉದ್ದೇಶವಿಲ್ಲ.

ಪರ: ಹೋಗಲಿ, ಆದಷ್ಟು ಬೇಗ ಹೋಗಲಿ

ಜೂನ್ 4 ಕ್ರಿಕೆಟ್ಟಿನ ಪಾಪ, ಫುಟ್‌ಬಾಲಿಗೆ ಸಂಬಂಧವಿಲ್ಲ ಎನ್ನುವವರು 1980ರ ಆಗಸ್ಟ್ 16ನ್ನು ನೆನೆಸಿಕೊಳ್ಳಬೇಕು. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅಂದು ನಡೆದದ್ದು ಮೋಹನ್ ಬಗಾನ್–ಈಸ್ಟ್ ಬೆಂಗಾಲ್ ಫುಟ್‌ಬಾಲ್ ಪಂದ್ಯ. ಗ್ಯಾಲರಿಯಲ್ಲಿ ಹೊಡೆದಾಟ ಎದ್ದು, ನೂಕುನುಗ್ಗಲಾಗಿ 16 ಅಭಿಮಾನಿಗಳು ಸತ್ತರು. ನಗರದ ನಡುವಿನ ಮೈದಾನ, ಅದೂ ಕ್ರಿಕೆಟ್ಟಿಗೆಂದು ಕಟ್ಟಿದ್ದು. ನಾಲ್ಕು ವರ್ಷದ ನಂತರ, 1984ರಲ್ಲಿ, ಹಳೆಯ ಊರು ಬಿಟ್ಟು ಪೂರ್ವಕ್ಕೆ ಸಾಲ್ಟ್ ಲೇಕ್‌ನಲ್ಲಿ ದೊಡ್ಡ ಕ್ರೀಡಾಂಗಣ ತೆರೆಯಿತು. ಕೋಲ್ಕತ್ತದ ಜಿದ್ದಿನ ಪಂದ್ಯಗಳು ಅಲ್ಲಿಗೆ ಹೋದವು.

ಚಿನ್ನಸ್ವಾಮಿ ದುರಂತದ ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹಾ ಆಯೋಗ, ಆ ಕಟ್ಟಡದ ವಿನ್ಯಾಸವೇ ಭಾರಿ ಜನಜಂಗುಳಿಗೆ ತಕ್ಕುದಲ್ಲ ಎಂದಿತು. ಗೇಟುಗಳು ನೇರವಾಗಿ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ, ಸಾಲು ನಿಲ್ಲಲು ಜಾಗವಿಲ್ಲ. ಕಂಠೀರವದ ಸುತ್ತ ಒಮ್ಮೆ ನಡೆದು ನೋಡಿ. ಒಂದು ಕಡೆ ಕಸ್ತೂರಬಾ ರಸ್ತೆ, ಇನ್ನೊಂದು ಕಡೆ ಹಡ್ಸನ್ ವೃತ್ತದ ವಾಹನ ಸಂತೆ. ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಕ್ರೀಡಾಂಗಣ ಅದು. ಇನ್ನು ನುಂಗಲು ಕೆರೆಯೂ ಉಳಿದಿಲ್ಲ. ಬೆಂಗಳೂರು ಎಫ್‌ಸಿ ಎದುರು ಆಡಲು ಕೇರಳ ಬ್ಲಾಸ್ಟರ್ಸ್ ಬಂದ ದಿನ ಹಳದಿ ಅಂಗಿಯವರನ್ನೂ ನೀಲಿ ಅಂಗಿಯವರನ್ನೂ ಬೇರೆ ಬೇರೆ ದಾರಿಯಲ್ಲಿ ಒಳಗೆ ಬಿಟ್ಟು ಹೊರಗೆ ಕಳಿಸಲು ಎಷ್ಟು ಜಾಗ ಬೇಕು, ಲೆಕ್ಕ ಹಾಕಿ. 2023ರ ಮಾರ್ಚ್ 3ರ ಪ್ಲೇಆಫ್‌ನಲ್ಲಿ ಸುನಿಲ್ ಛೆಟ್ರಿಯ ಫ್ರೀಕಿಕ್ ಗೋಲನ್ನು ಒಪ್ಪದೆ ಬ್ಲಾಸ್ಟರ್ಸ್ ತಂಡವೇ ಮೈದಾನ ಬಿಟ್ಟು ನಡೆಯಿತು. ಅಂಥ ರಾತ್ರಿಗೆ ಆ ಕಟ್ಟಡ ಕಟ್ಟಿದ್ದಲ್ಲ.

ಯಾಕೆಂದರೆ ಅದು ಫುಟ್‌ಬಾಲಿಗೆ ಕಟ್ಟಿದ್ದೇ ಅಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಎದ್ದ ಅಥ್ಲೆಟಿಕ್ಸ್ ಅಂಗಣ ಅದು. ಪ್ರೇಕ್ಷಕನಿಗೂ ಚೆಂಡಿಗೂ ನಡುವೆ ಓಟದ ಟ್ರ್ಯಾಕ್ ಅಡ್ಡ. ಕಾರ್ನರ್ ಕಿಕ್ ಹೊಡೆಯುವವನ ಮುಖ ಕಾಣುವುದಿಲ್ಲ, ಬೆನ್ನಿನ ನಂಬರೂ ಅಂದಾಜಿನದೇ. ಇತ್ತ ಓಟಗಾರರಿಗೆ ಅಭ್ಯಾಸದ ಟ್ರ್ಯಾಕ್ ಸಿಗುವುದಿಲ್ಲವೆಂಬ ದೂರು. ಈ ಜಗಳ ಎಲ್ಲಿಗೆ ಮುಟ್ಟಿತೆಂದರೆ 2019ರಲ್ಲಿ ಬೆಂಗಳೂರು ಎಫ್‌ಸಿ ತನ್ನ ತವರು ಪಂದ್ಯಗಳನ್ನು ಪುಣೆಯ ಬಾಲೇವಾಡಿಯಲ್ಲಿ ಆಡುವುದಾಗಿ ಘೋಷಿಸಿತ್ತು. ಕೊನೆಗೆ ರಾಜಿಯಾಯಿತು. ಬೆಂಗಳೂರಿನ ತಂಡ ತವರನ್ನು ಮಹಾರಾಷ್ಟ್ರದಲ್ಲಿ ಹುಡುಕುವ ಗತಿ ಬಂದಿತ್ತು ಎಂಬುದನ್ನು ಜತ್ತದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊಲ್ಲಾಪುರದ ಖಾಸಬಾಗ್ ನೋಡಿದವರಿಗೆ ಆಟಕ್ಕೆ ತಕ್ಕ ಅಂಗಣ ಅಂದರೇನು ಗೊತ್ತು. 1912ರಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಆ ಕುಸ್ತಿ ಮೈದಾನದಲ್ಲಿ ಎಲ್ಲೇ ಕೂತರೂ ಪಟ್ಟು ಕಾಣುತ್ತದೆ. ಫುಟ್‌ಬಾಲಿಗೂ ಅಂಥದ್ದೊಂದು ಬೇಕು: ಗೆರೆಗೆ ಹತ್ತಿದ ಗ್ಯಾಲರಿ, ಮಳೆ ಬಿಸಿಲಿಗೆ ಮಾಡು, ಕುಡಿಯುವ ನೀರು, ಮಗಳನ್ನೋ ಹೆಂಡತಿಯನ್ನೋ ಕರಕೊಂಡು ಹೋದರೆ ನಾಚಿಕೆಪಡಬೇಕಿಲ್ಲದ ಶೌಚಾಲಯ, ಆಂಬುಲೆನ್ಸಿಗೆ ತೆರವಿರುವ ದಾರಿ. ಇಷ್ಟಕ್ಕೆ ಹತ್ತಾರು ಎಕರೆ ಬೇಕು, ಅದು ಕಬ್ಬನ್ ಪಾರ್ಕ್ ಸುತ್ತ ಎಲ್ಲಿದೆ? ಸೂರ್ಯನಗರದಲ್ಲಿ ಕ್ರೀಡಾ ಸಂಕೀರ್ಣಕ್ಕೆಂದು ಗುರುತಿಸಿದ್ದು 100 ಎಕರೆ. ಅದೇ ದಿಕ್ಕಿನ ಬೊಮ್ಮಸಂದ್ರದ ತನಕ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಬಂದಿದೆ.

ದೂರ ಎನ್ನುತ್ತೀರಿ. ನಮ್ಮ ಗುಡ್ಡಾಪುರದ ದಾನಮ್ಮ ದೇವಿ ಯಾವ ಪೇಟೆಯ ನಡುವೆ ಇದ್ದಾಳೆ? ಕಾರ್ತಿಕ ಮಾಸದಲ್ಲಿ ಗಡಿಯಾಚೆಯ ಊರುಗಳಿಂದ ಜನ ಹೆಗಲಿಗೆ ಚೀಲ ಹಾಕಿಕೊಂಡು ನಡೆದೇ ಬರುತ್ತಾರೆ. ಭಕ್ತಿ ಇದ್ದಲ್ಲಿ ದಾರಿ ದೂರವಾಗುವುದಿಲ್ಲ.

ವಿರೋಧ: ಜಾಗ ಸಿಗುತ್ತದೆ, ಜನ ಸಿಗುವುದಿಲ್ಲ

ದಾನಮ್ಮನ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಪಾದಯಾತ್ರೆಯವರು ಹೋಗುವುದು ವರ್ಷಕ್ಕೊಮ್ಮೆ. ಹಬ್ಬದ ಬಿಡುವಿದೆ, ದಾರಿಯುದ್ದ ಅನ್ನ ನೀರು ಕೊಡುವವರಿದ್ದಾರೆ. 2024–25ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಒಂದು ತಂಡಕ್ಕೆ ತವರಿನಲ್ಲಿ 12 ಲೀಗ್ ಪಂದ್ಯ. ವಾರದ ನಡುವಿನ ರಾತ್ರಿ, ಮರುದಿನ ಬೆಳಿಗ್ಗೆ ಕೆಲಸ. ಅದಕ್ಕೆ ಭಕ್ತಿ ಸಾಲದು, ಬಸ್ಸು ಬೇಕು.

ಜೂನ್ 4ರ ಮಾತು ನೋವಿನದು, ಅದಕ್ಕೇ ಸರಿಯಾಗಿ ಆಡಬೇಕು. ಆರ್‌ಸಿಬಿ ಅಹಮದಾಬಾದಿನಲ್ಲಿ ಕಪ್ ಗೆದ್ದದ್ದು ಜೂನ್ 3ರ ರಾತ್ರಿ. ಮರುದಿನವೇ ಸಂಭ್ರಮಾಚರಣೆ. ಮೆರವಣಿಗೆ ಇದೆಯೋ ಇಲ್ಲವೋ, ಒಳಗೆ ಹೋಗಲು ಪಾಸು ಬೇಕೋ ಬೇಡವೋ ಎಂಬುದು ಬೀದಿಯಲ್ಲಿ ನಿಂತ ಜನಕ್ಕೆ ಸ್ಪಷ್ಟವಿರಲಿಲ್ಲ; ಗೇಟು ಮುಚ್ಚಿತ್ತು, ಹಿಂದಿನಿಂದ ಜನ ಬರುತ್ತಲೇ ಇದ್ದರು. ಇದೇ ಅವ್ಯವಸ್ಥೆಯನ್ನು ಆನೇಕಲ್ಲಿನ ಬಯಲಿಗೆ ಒಯ್ದರೂ ಫಲ ಅದೇ. ಗೇಟುಗಳ ಬಗ್ಗೆ ಆಯೋಗ ಹೇಳಿದ್ದು ನಿಜ. ಗೇಟು ಅಗಲ ಮಾಡುವುದು, ಎಷ್ಟು ಟಿಕೆಟ್ಟೋ ಅಷ್ಟೇ ಜನ ಬರುವಂತೆ ನೋಡಿಕೊಳ್ಳುವುದು ಒಂದು ಕೆಲಸ. ಊರನ್ನೇ ಬಿಟ್ಟು ಹೋಗುವುದು ಬೇರೆ ಕೆಲಸ.

ಊರಾಚೆ ಹೋದರೆ ಎಲ್ಲ ಸಲೀಸು ಎನ್ನುವವರು ಗಹುಂಜೆಗೆ ಹೋಗಿ ಬರಲಿ. ಪುಣೆಯಿಂದ ಹೊರಗೆ, ಮುಂಬೈ ಎಕ್ಸ್‌ಪ್ರೆಸ್‌ವೇ ಬದಿಯಲ್ಲಿರುವ ಆ ಕ್ರಿಕೆಟ್ ಕ್ರೀಡಾಂಗಣ ಆರಂಭವಾದದ್ದು 2012ರಲ್ಲಿ. ಜಾಗಕ್ಕೆ ಬರವಿಲ್ಲ. ಆದರೆ ಬಹಳಷ್ಟು ಗ್ಯಾಲರಿಗೆ ಮಾಡು ಇಲ್ಲ. 2024ರ ಅಕ್ಟೋಬರ್ 24ರಂದು ಭಾರತ–ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಬಿಸಿಲಲ್ಲಿ ಕೂತ ಪ್ರೇಕ್ಷಕರು ಕುಡಿಯುವ ನೀರೇ ಸಿಗದೆ ಘೋಷಣೆ ಕೂಗಿದರು, ಅಲ್ಲಿನ ಕ್ರಿಕೆಟ್ ಸಂಸ್ಥೆ ಕ್ಷಮೆ ಕೇಳಿತು. ಊರೊಳಗಾಗಿದ್ದರೆ ಗೇಟಿನ ಹೊರಗೆ ಒಬ್ಬ ಎಳನೀರಿನವನಾದರೂ ಇರುತ್ತಿದ್ದ. ಅಲ್ಲಿ ಹೊರಗೆ ಬಂದರೆ ಹೆದ್ದಾರಿ.

ಸಾಲ್ಟ್ ಲೇಕ್‌ನ ಉದಾಹರಣೆ ಕೊಟ್ಟಿರಿ. ಕ್ರೀಡಾಂಗಣ ತೆರೆದದ್ದು 1984, ಅದರ ಬಾಗಿಲಿಗೆ ಮೆಟ್ರೊ ಬಂದದ್ದು 2020ರ ಫೆಬ್ರುವರಿ. ನಡುವಿನ 36 ವರ್ಷ ಜನ ಹೇಗೆ ಮನೆ ಸೇರಿದರೆಂದು ಕೋಲ್ಕತ್ತದವರನ್ನೇ ಕೇಳಬೇಕು. ಬೊಮ್ಮಸಂದ್ರದ ಹಳದಿ ಮಾರ್ಗವೂ ಶುರುವಾದಾಗ ಓಡಿಸಲು ಸಾಕಷ್ಟು ರೈಲಿಲ್ಲದೆ 25 ನಿಮಿಷಕ್ಕೊಂದು ಬಿಡುತ್ತಿದ್ದರು. ಸೂರ್ಯನಗರ ಆ ಕೊನೆಯ ನಿಲ್ದಾಣದ ಬಾಗಿಲಲ್ಲೂ ಇಲ್ಲ, ಚಂದಾಪುರ ದಾಟಿ ಆನೇಕಲ್ ರಸ್ತೆ ಹಿಡಿಯಬೇಕು.

ಈಗ ನಮ್ಮ ಪಾಲಿನ ಮಾತು. ಊರಾಚೆಯ ಕ್ರೀಡಾಂಗಣ ಹೊರಗಿನಿಂದ ಬರುವವರಿಗೆ ಅನುಕೂಲ ಎಂದು ನಂಬಿಸುತ್ತಾರೆ. ಅನುಕೂಲ ಕಾರಿದ್ದವರಿಗೆ. ಜತ್ತದ ಹುಡುಗ ವಿಜಯಪುರ–ಗುಹಾಗರ ಹೆದ್ದಾರಿಯಲ್ಲಿ ಬಸ್ಸು ಹಿಡಿದು ಮಿರಜಕ್ಕೆ ಹೋಗಿ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿಗೆ ಇಳಿಯುತ್ತಾನೆ. ರಾತ್ರಿ ಏಳೂವರೆಯ ಪಂದ್ಯ ಒಂಬತ್ತೂವರೆಗೆ ಮುಗಿಯುತ್ತದೆ. ವಾಪಸು ರಾಣಿ ಚೆನ್ನಮ್ಮ ಹೊರಡುವುದು ಹನ್ನೊಂದರ ಹೊತ್ತಿಗೆ. ಕಂಠೀರವದಿಂದ ಮೆಜೆಸ್ಟಿಕ್ಕಿಗೆ ಆಟೋ ಸಿಗದಿದ್ದರೆ ಕಾರ್ಪೊರೇಶನ್ ದಾಟಿ ಕೆ.ಜಿ. ರಸ್ತೆ ಹಿಡಿದು ನಡೆದೇ ಹೋಗಬಹುದು. ದಾರಿಯಲ್ಲಿ ಎರಡು ಇಡ್ಲಿ ತಿನ್ನಲೂ ಹೊತ್ತಿದೆ. ಸೂರ್ಯನಗರದಲ್ಲಿ ಅದೇ ಹೊತ್ತಿಗೆ ಅವನು ಇನ್ನೂ ಪಾರ್ಕಿಂಗಿನ ದೂಳಿನಲ್ಲಿ ಬಸ್ ಹುಡುಕುತ್ತಿರುತ್ತಾನೆ. ಮೆಟ್ರೊ ಸಿಕ್ಕರೂ ಆರ್.ವಿ. ರಸ್ತೆಯಲ್ಲಿ ಮಾರ್ಗ ಬದಲಿಸಬೇಕು. ರೈಲು ತಪ್ಪಿದರೆ ಲಾಡ್ಜಿನ ಬಾಡಿಗೆ, ಆ ಬಾಡಿಗೆಯಲ್ಲಿ ಇನ್ನೊಂದು ಪಂದ್ಯಕ್ಕೆ ಬರಬಹುದಿತ್ತು.

ಪಂದ್ಯದ ದಿನ ಎಂದರೆ ತೊಂಬತ್ತು ನಿಮಿಷದ ಆಟವಷ್ಟೇ ಅಲ್ಲ. ಕೊಲ್ಲಾಪುರದಲ್ಲಿ ಲೀಗ್ ನಡೆಯುವ ದಿನಗಳಲ್ಲಿ ನೋಡಿ. ಅಲ್ಲಿಯ ದೊಡ್ಡ ತಂಡಗಳ ಹೆಸರೇ ಪಾಟಾಕಡೀಲ ತಾಲೀಮ, ದಿಲಬಹಾರ ತಾಲೀಮ, ಖಂಡೋಬಾ ತಾಲೀಮ. ಪೈಲ್ವಾನರ ಗರಡಿಯ ಹೆಸರಿನಲ್ಲಿ ಫುಟ್‌ಬಾಲ್ ಆಡುವ ಊರು ಬೇರೆಲ್ಲಿದೆಯೋ! ಮಧ್ಯಾಹ್ನ ಊಟ ಮುಗಿಸಿ ಪೇಠೆ ಪೇಠೆಯಿಂದ ಗುಂಪುಗಳು ಹೊರಡುತ್ತವೆ. ಅಜ್ಜ, ಅಪ್ಪ, ಶಾಲೆ ಬಿಟ್ಟ ಹುಡುಗ ಒಂದೇ ಬೈಕಿನಲ್ಲಿ. ಗ್ಯಾಲರಿಯಲ್ಲಿ ಬೈಗುಳ, ತುತ್ತೂರಿ, ಒಮ್ಮೊಮ್ಮೆ ಕಲ್ಲೂ ಹಾರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಆಟ ಮುಗಿದ ಮೇಲೆ ಸೋತವರು ಗೆದ್ದವರು ಅದೇ ಭೇಳದ ಗಾಡಿಯ ಮುಂದೆ ನಿಂತು ರೆಫ್ರಿಯನ್ನು ಸೇರಿ ಬೈಯುತ್ತಾರೆ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಇದೇ ಕೊಲ್ಲಾಪುರದವ. ಮೈದಾನವನ್ನು ಊರಾಚೆ ಒಯ್ದರೆ ಅಪ್ಪ ಬಂದಾನು, ಅಜ್ಜ ಮನೆಯಲ್ಲೇ ಉಳಿಯುತ್ತಾನೆ. ಹತ್ತು ರೂಪಾಯಿ ಕಿಸೆಯಲ್ಲಿಟ್ಟುಕೊಂಡು ಬರುವ ಹುಡುಗ ಮೊದಲೇ ಉಳಿಯುತ್ತಾನೆ.

ಖಾಸಬಾಗಿನ ಉದಾಹರಣೆ ಕೊಟ್ಟವರಿಗೆ ಒಂದೇ ಪ್ರಶ್ನೆ: ಶಾಹು ಮಹಾರಾಜರು ಅದನ್ನು ಎಲ್ಲಿ ಕಟ್ಟಿಸಿದರು? ಪೇಠೆಗಳ ಮಗ್ಗುಲಲ್ಲೇ.

ಬೆಂಗಳೂರಿಗೂ ಅಂಥ ಪೇಠೆಗಳಿವೆ. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆಯ ಬೀದಿಗಳಿಂದ ಒಲಿಂಪಿಕ್ಸ್‌ಗೆ ಹೋದ ಆಟಗಾರರಿದ್ದಾರೆ. ಮೈಸೂರು ತಂಡ 1946, 1952, 1967, 1968ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ಅಂಥ ನೆಲದ ಬಲದಿಂದ. ಆ ಟ್ರೋಫಿ ಮತ್ತೆ ಕರ್ನಾಟಕಕ್ಕೆ ಬರಲು 2023ರ ಮಾರ್ಚ್ ಆಗಬೇಕಾಯಿತು, ಅದೂ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಆ ಬೀದಿಗಳ ಹತ್ತಿರವೇ, ಅಶೋಕನಗರದಲ್ಲಿ, ಫುಟ್‌ಬಾಲಿನದೇ ಆದ ಕ್ರೀಡಾಂಗಣವಿದೆ. ಬೆಂಗಳೂರು ಎಫ್‌ಸಿ ಹುಟ್ಟಿದ ಮೊದಲ ಋತುವಿನಲ್ಲಿ ಅಲ್ಲಿ ಆಡಿ, 2014ರಲ್ಲಿ ಐ-ಲೀಗ್ ಚಾಂಪಿಯನ್ ಆಯಿತು. ಟ್ರ್ಯಾಕ್ ಇಲ್ಲ, ಗ್ಯಾಲರಿ ಗೆರೆಗೆ ಹತ್ತಿರ. ಬೇಕಾದದ್ದು ಅದನ್ನು ಕೆಡವಿ ಸರಿಯಾಗಿ ಕಟ್ಟುವುದು. ಲಂಡನ್ನಿನ ಆರ್ಸೆನಲ್ 2006ರಲ್ಲಿ ಹಳೆಯ ಹೈಬರಿ ಬಿಟ್ಟು ದೊಡ್ಡ ಕ್ರೀಡಾಂಗಣಕ್ಕೆ ಹೋಯಿತು ನಿಜ, ಆದರೆ ಹೋದದ್ದು ಅದೇ ಬಡಾವಣೆಯೊಳಗೆ, ನಡೆದು ಹೋಗುವಷ್ಟು ದೂರ. ಹಳೆಯ ಅಭಿಮಾನಿಯ ಚಹಾದಂಗಡಿಯೂ ಬದಲಾಗಲಿಲ್ಲ.

ಪರ: ಮರುಮಾತು

ಅಶೋಕನಗರದಲ್ಲಿ ಎಷ್ಟು ಜನ ಹಿಡಿದಾರು? ಕಂಠೀರವ 20,000ಕ್ಕೂ ಹೆಚ್ಚು ಜನ ಹಿಡಿಯುತ್ತದೆ. 2023ರ ಸ್ಯಾಫ್ ಕಪ್ ಫೈನಲ್‌ನಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿದಾಗ ಅಲ್ಲಿ ಎದ್ದ ಕೂಗು ಟಿ.ವಿ.ಯಲ್ಲಿ ಕೇಳಿದವರಿಗೆ ಗೊತ್ತು. ಅಂಥ ಪಂದ್ಯ ಮತ್ತೆ ಬೇಡವೆ? ಇನ್ನು ರೈಲು, ಬಸ್ಸು. ಅವು ಜನ ಇದ್ದಲ್ಲಿಗೆ ಬಂದೇ ಬರುತ್ತವೆ. ಕ್ರೀಡಾಂಗಣವನ್ನೇ ಕಟ್ಟದೆ ಕೂತರೆ ಎಂದೂ ಬರುವುದಿಲ್ಲ. ಊರೂ ಬೆಳೆಯುತ್ತದೆ. ಕಂಠೀರವದ ಜಾಗವೇ ಒಂದು ಕಾಲಕ್ಕೆ ಕೆರೆ.

ವಿರೋಧ: ಮರುಮಾತು

ಸ್ಯಾಫ್ ಫೈನಲ್ ಎಷ್ಟು ವರ್ಷಕ್ಕೊಮ್ಮೆ? 2025ರಲ್ಲಿ ಐಎಸ್‌ಎಲ್ ಶುರುವಾಗುವುದೇ ಅನುಮಾನವಾಗಿ, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ಸಂಬಳಕ್ಕೆ ಖಾತ್ರಿಯಿಲ್ಲದ ಆಟಕ್ಕೆ ನಗರದಾಚೆ ದೊಡ್ಡ ಗ್ಯಾಲರಿ ಕಟ್ಟಿದರೆ ಉಳಿದ ದಿನ ಅಲ್ಲಿ ಮದುವೆ ನಡೆಸಬೇಕಾಗುತ್ತದೆ. ಹದಿನೈದು ಸಾವಿರ ಜನ ತುಂಬಿ ಕೂಗುವ ಗ್ಯಾಲರಿಯೇ ಈ ಆಟಕ್ಕೆ ಇಂದು ತಕ್ಕ ಅಳತೆ. ದೊಡ್ಡ ಪಂದ್ಯ ಬಂದರೆ ಕಂಠೀರವ ಇದ್ದೇ ಇದೆ.

ರೈಲು ತಾನಾಗಿ ಬರುತ್ತದೆ ಎಂಬ ಮಾತನ್ನು ಜತ್ತದವನ ಮುಂದೆ ಆಡಬೇಡಿ. ಬರುವುದಿದ್ದರೆ ಮೊದಲೇ ಬರಲಿ. ಐಪಿಎಲ್ ಪಂದ್ಯದ ರಾತ್ರಿ ಬೆಂಗಳೂರು ಮೆಟ್ರೊ ಸೇವೆಯ ಹೊತ್ತು ಹೆಚ್ಚಿಸಿ ವಾಪಸು ಟಿಕೆಟ್ಟನ್ನು ಮುಂಚೆಯೇ ಮಾರುತ್ತದೆ. ಅದು ನಡೆಯುತ್ತಿರುವುದು ಕ್ರೀಡಾಂಗಣದ ಮಗ್ಗುಲಲ್ಲೇ ನಿಲ್ದಾಣ ಇರುವುದರಿಂದ. ಸೂರ್ಯನಗರದ ಗೇಟಿನಿಂದ ಮೆಜೆಸ್ಟಿಕ್ಕಿಗೆ, ಒಂಬತ್ತೂವರೆಗೆ ಪಂದ್ಯ ಮುಗಿದ ಮೇಲೆ, ಹನ್ನೊಂದರ ರೈಲು ತಪ್ಪದಂತೆ ತಲುಪಿಸುವ ವೇಳಾಪಟ್ಟಿಯೊಂದನ್ನು ಮೊದಲು ಪ್ರಕಟಿಸಿ. ಅದು ಕೈಗೆ ಸಿಕ್ಕ ದಿನ ಈ ವಾದದಲ್ಲಿ ನನ್ನ ಅರ್ಧ ಪಾಲು ನಾನೇ ಬಿಟ್ಟುಕೊಡುತ್ತೇನೆ. ಉಳಿದರ್ಧ ಕೊಲ್ಲಾಪುರದ ಆ ಅಜ್ಜನದು, ಅವನನ್ನೇ ಕೇಳಬೇಕು.