ಉತ್ಸವ ಸಾಕು, ಒಂದು ಯಾದಿ ಮಾಡ್ರಿ

ಹಾವೇರಿಗೆ ರೈಲು ಟಿಕೆಟ್ ತೆಗೆಸುವಾಗ ಮೊಬೈಲಿನಲ್ಲಿ 'ಎಸ್‌ಎಂಎಂ ಹಾವೇರಿ' ಅಂತ ಬರುತ್ತದೆ. ಈ ಮೂರು ಅಕ್ಷರ ಏನಂತ ಬೆಂಗಳೂರಿನಲ್ಲಿರುವ ನಮ್ಮ ಜಿಲ್ಲೆಯ ಹುಡುಗರನ್ನೇ ಕೇಳಿ ನೋಡ್ರಿ. ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಅದು ಶ್ರೀ ಮಹದೇವಪ್ಪ ಮೈಲಾರ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು, 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷರ ಕಂದಾಯದ ಹಣ ಹೊಡೆಯಲು ಹೋಗಿ ಗುಂಡಿಗೆ ಬಲಿಯಾದರು. ಅವತ್ತು ಅವರ ಜೊತೆ ಸತ್ತವರು ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಸ್ಟೇಷನ್ನಿಗೆ ಹೆಸರಿಟ್ಟೆವು, ಚಪ್ಪಾಳೆ ಹೊಡೆದೆವು, ಆಮೇಲೆ ಆ ಹೆಸರನ್ನ ಮೂರು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ ಸುಮ್ಮನಾದೆವು.

ನಮ್ಮ ಕಡೆ ಇತಿಹಾಸದ ಕೆಲಸ ಅಂದರೆ ಇಷ್ಟೇ. ಹೆಸರಿಡೋದು, ಮೂರ್ತಿ ನಿಲ್ಲಿಸೋದು, ಊರ ಮುಂದೊಂದು ಸ್ವಾಗತ ಕಮಾನು ಕಟ್ಟೋದು, ವರ್ಷಕ್ಕೊಮ್ಮೆ ಉತ್ಸವ ಮಾಡಿ ಬಂದವರ ಕೊರಳಿಗೆ ಏಲಕ್ಕಿ ಹಾರ ಹಾಕೋದು. ಹಾರದ ಮೇಲೆ ನನಗೇನೂ ಸಿಟ್ಟಿಲ್ಲ, ಅದು ಹಾವೇರಿಯದೇ ಹೆಮ್ಮೆ. ಆದರೆ ಅದನ್ನು ಹಾಕಿಸಿಕೊಂಡವರ ಫೋಟೋ ಸಾವಿರ ಇವೆ. ಏಲಕ್ಕಿ ಪೋಣಿಸುವ ಕೈಗಳು ಯಾರವು, ಆ ಕಸಬು ಅವರ ಮನೆಗೆ ಯಾವಾಗ ಬಂತು, ಮುಂದೆ ಯಾರು ಮಾಡುತ್ತಾರೆ ಅಂತ ಅವರನ್ನೇ ಕೂರಿಸಿ ಕೇಳಿ ಬರೆದಿಟ್ಟ ಒಂದು ವಹಿ ನಮ್ಮ ಯಾವ ವಾಚನಾಲಯದಲ್ಲಿ ಸಿಗುತ್ತದೆ, ಹೇಳ್ರಿ.

ನನ್ನ ಮಾತು ಸರಳ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗೆ ಈಗ ಬೇಕಾಗಿರುವುದು ಇನ್ನೊಂದು ಉತ್ಸವ ಅಲ್ಲ, ಯಾದಿ. ಊರೂರಿಗೆ ಒಂದೊಂದು. ಯಾವ ಕಲ್ಲು ಎಲ್ಲೈತಿ, ಯಾವ ಕಾಗದ ಯಾರ ಮನೆಯಲ್ಲೈತಿ, ಯಾವ ಅಜ್ಜಿಗೆ ಯಾವ ಹಾಡು ಬರುತ್ತೈತಿ.

ದೊಡ್ಡ ಗುಡಿಗಳ ಚಿಂತೆ ನನಗೆ ಅಷ್ಟಿಲ್ಲ. ಹಾವೇರಿಯ ಪುರಸಿದ್ಧೇಶ್ವರ, ಚೌಡದಾನಪುರದ ಮುಕ್ತೇಶ್ವರ, ಗಳಗನಾಥದ ಗಳಗೇಶ್ವರ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆ ಕೈಯಲ್ಲಿವೆ. ನೀಲಿ ಬೋರ್ಡು, ಬೇಲಿ, ಸುತ್ತ 100 ಮೀಟರ್ ಕಟ್ಟಡ ಕಟ್ಟಬಾರದು ಅನ್ನೋ ಕಾಯ್ದೆ. ಪಕ್ಕದ ಮನೆಯವರು ಅದಕ್ಕೆ ಬೈಯುವುದೂ ಖರೆ, ಆದರೆ ಗುಡಿಯಂತೂ ಉಳಿಯುತ್ತದೆ. ಸಾಯುತ್ತಿರುವುದು ಬೋರ್ಡಿಲ್ಲದ ಕಲ್ಲು. ಹನುಮಪ್ಪನ ಗುಡಿ ಮುಂದಿನ ವೀರಗಲ್ಲು, ಕೆರೆ ಏರಿ ಮೇಲಿನ ಶಾಸನ, ಹೊಲದ ಬದುವಿನಲ್ಲಿ ಅರ್ಧ ಹೂತ ಮಾಸ್ತಿಕಲ್ಲು. ಇವುಗಳ ಯಮ ಬುಲ್ಡೋಜರ್ ಒಂದೇ ಅಲ್ಲ. ಬಹಳ ಸಲ ಅದು ಭಕ್ತಿ. ಜೀರ್ಣೋದ್ಧಾರ ಅನ್ನೋ ಹೆಸರಿನಲ್ಲಿ ಹಳೇ ಕಲ್ಲು ಕಿತ್ತು ಗ್ರಾನೈಟ್ ಹಾಸುತ್ತಾರೆ, ಉಳಿದದ್ದಕ್ಕೆ ಎಣ್ಣೆ ಬಣ್ಣ ಬಳಿಯುತ್ತಾರೆ, ಇಲ್ಲಾ ಮಷಿನ್ ಹಚ್ಚಿ ಉಜ್ಜಿಸುತ್ತಾರೆ. ಎಂಟುನೂರು ವರ್ಷ ಮಳೆ ಬಿಸಿಲಿಗೆ ಅಳಿಸದ ಅಕ್ಷರ ಒಂದು ಮಧ್ಯಾಹ್ನದಲ್ಲಿ ಮಾಯ.

ನಮ್ಮೂರಿನಲ್ಲೂ ಇದೇ ಆಯ್ತು. ವೀರಗಲ್ಲಿಗೆ ಬೆಳ್ಳಿ ಬಣ್ಣ ಹಚ್ಚುತ್ತಿದ್ದಾಗ ತಡೆಯಲು ಹೋದೆ. ಕಮಿಟಿಯ ಹಿರಿಯರೊಬ್ಬರು, 'ಅಲ್ಲೋ ತಮ್ಮಾ, ದೇವರು ಚಂದ ಕಂಡ್ರ ನಿನಗೇನ್ ತ್ರಾಸು?' ಅಂದರು. 'ಕಾಕಾ, ಇದು ದೇವರಲ್ಲ, ದನ ಬಿಡಿಸಿಕೊಳ್ಳಾಕ ಹೋಗಿ ಸತ್ತ ನಮ್ಮೂರ ಮನಷ್ಯಾ, ಕೆಳಗ ದನ ಕೆತ್ಯಾರ ನೋಡ್ರಿ' ಅಂದೆ. ಅವರು ಬಗ್ಗಿ ನೋಡಿದರು. 'ಹೌದಲೇ' ಅಂದರು. ಬಣ್ಣ ಮಾತ್ರ ನಿಲ್ಲಲಿಲ್ಲ, ಡಬ್ಬಿ ಒಡೆದಾಗಿತ್ತು! ಆದರೆ ಆ 'ಹೌದಲೇ' ಇದೆಯಲ್ಲ, ಅದರ ಮೇಲೆ ನನಗೆ ನಂಬಿಕೆ. ನಮ್ಮ ಮಂದಿ ಕೆಟ್ಟವರಲ್ಲ. ಕಲ್ಲಿನಲ್ಲಿ ಏನೈತಿ ಅಂತ ಅವರಿಗೆ ಓದಿ ಹೇಳಿದವರು ಯಾರೂ ಇಲ್ಲ.

ಓದಿದವರು ಇಲ್ಲವೇ ಇಲ್ಲ ಅಂತಲ್ಲ. ಫ್ಲೀಟ್ ಸಾಹೇಬ 19ನೇ ಶತಮಾನದಲ್ಲೇ ನಮ್ಮ ಸೀಮೆಯ ಶಾಸನ ಓದಿ ಅಚ್ಚು ಮಾಡಿಸಿದ. ನಾವು 1956ರ ತನಕ ಮುಂಬೈ ಪ್ರಾಂತದವರು, ಹಂಗಾಗಿ ರೈಸ್ ಸಾಹೇಬನ ಮೈಸೂರು ಸಂಪುಟಗಳಲ್ಲಿ ನಾವಿಲ್ಲ. ನಮ್ಮವು 'ಬಾಂಬೆ-ಕರ್ನಾಟಕ ಶಾಸನಗಳು' ಅಂತ ಬೇರೆ ಸಂಪುಟಗಳಲ್ಲಿ ಬಂದಿವೆ. ಗುತ್ತಲನ್ನು ಆಳಿದ ಗುತ್ತರು ತಮ್ಮನ್ನು ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರು ಅಂತ ಹೇಳಿಕೊಂಡದ್ದು ಶಾಸನದಿಂದಲೇ ಗೊತ್ತಾದದ್ದು. ಯೋಚನೆ ಮಾಡ್ರಿ, ಗುತ್ತಲದ ಹೈಸ್ಕೂಲ್ ಹುಡುಗನಿಗೆ ಎಂಥಾ ಚಂದದ ಕಥೆ ಇದು, ಖರೆ ಇರಲಿ ಸುಳ್ಳಿರಲಿ! ಆದರೆ ಆ ಸಂಪುಟ ನೋಡಬೇಕಾದರೆ ಅವನು ಧಾರವಾಡಕ್ಕೋ ಮೈಸೂರಿಗೋ ಹೋಗಬೇಕು. ಪ್ರೊಫೆಸರ್ ಪುಸ್ತಕದೊಳಗೆ ಇದ್ದು ಊರಿನ ಬಾಯಲ್ಲಿ ಇಲ್ಲದ್ದು ಊರಿನದು ಹೆಂಗಾದೀತು?

ಇನ್ನು ಬ್ಯಾಡಗಿ. ಇಲ್ಲಿ ಪರಂಪರೆ ಅಂದ ಕೂಡಲೇ ಕಾಗಿನೆಲೆ ಕಡೆ ಬೆರಳು ತೋರಿಸುತ್ತಾರೆ. ಕನಕದಾಸರ ನೆಲ, ತೋರಿಸಲೇಬೇಕು. ಆದರೆ ಮೆಣಸಿನಕಾಯಿ ಪೇಟೆ ಪರಂಪರೆ ಅಲ್ಲವೇನು? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಜಾಸ್ತಿ. ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಅದಕ್ಕೇ ಬೇಕು. ಡಬ್ಬಿ, ಕಡ್ಡಿ ಅಂತ ತಳಿಗಳ ಹೆಸರು ಎಲ್ಲರಿಗೂ ಗೊತ್ತು. ಅದರ ಹಿಂದಿನ ಮಂದಿಯ ಹೆಸರು? ಚೀಲ ಹೊತ್ತ ಹಮಾಲರು, ಘಾಟಿನಲ್ಲಿ ಕೆಮ್ಮುತ್ತ ದಿನವಿಡೀ ತೊಟ್ಟು ಬಿಡಿಸಿದ ಹೆಣ್ಣುಮಕ್ಕಳು, ಮುಟ್ಟಿ ನೋಡಿಯೇ ಯಾವ ಊರಿನ ಮಾಲು ಅಂತ ಹೇಳುವ ದಲಾಲರು. ಆ ಹೆಣ್ಣುಮಕ್ಕಳ ಮಾತು ಈಗ ಮೊಬೈಲಿನಲ್ಲಿ ಹಿಡಿದಿಡದಿದ್ದರೆ ಇನ್ನು ಹತ್ತು ವರ್ಷಕ್ಕೆ ಹೇಳಲು ಯಾರೂ ಇರುವುದಿಲ್ಲ. 2024ರ ಮಾರ್ಚಿನಲ್ಲಿ ರೇಟು ಬಿತ್ತು ಅಂತ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ಬೆಂಕಿ ಹಚ್ಚಿದರು. ಅವತ್ತಿನ ಟಿವಿ ಸುದ್ದಿ ನಿಮಗೂ ನೆನಪಿರಬೇಕು. ಪೇಟೆಯ ದಾಖಲೆ ಒಂದೇ ಕಚೇರಿಯ ಒಂದೇ ಕಪಾಟಿನಲ್ಲಿದ್ದರೆ ಏನಾಗುತ್ತದೆ ಅಂತ ಕಂಪ್ಯೂಟರ್ ಕೆಲಸ ಮಾಡುವ ಯಾರನ್ನಾದರೂ ಕೇಳ್ರಿ. ಬ್ಯಾಕಪ್ ಇಲ್ಲದ ಸರ್ವರ್ ಇಟ್ಟುಕೊಂಡು ನಮಗಂತೂ ರಾತ್ರಿ ನಿದ್ದೆ ಬರಲ್ಲ.

ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ತೋಡುವಾಗ ಒಂದು ಶಾಸನ ಸಿಕ್ಕಿತು. ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು. ಅದನ್ನು ಉಳಿಸಿದ್ದರಲ್ಲಿ ಸಾಮಾನ್ಯ ಮಂದಿಯ, ಐಟಿಯವರ ಪಾಲು ದೊಡ್ಡದು. ಈಗ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ, ಅಕ್ಷರ ಸ್ಕ್ರೀನ್ ಮೇಲೆ ಓದಲು ಬರುತ್ತದೆ. ಇದನ್ನೆಲ್ಲ ಶೇರ್ ಮಾಡುವ ನಮ್ಮ ಕಡೆಯ ಎಂಜಿನಿಯರುಗಳು ಊರಿಗೆ ಬಂದರೆ ಜಾತ್ರೆಯಲ್ಲಿ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಸಂಜೆ ಹೊತ್ತು ಕಲ್ಲಿಗೆ ಪಕ್ಕದಿಂದ ಟಾರ್ಚ್ ಹಿಡಿದು, ಅಳತೆಪಟ್ಟಿ ಇಟ್ಟು ನಾಲ್ಕು ಫೋಟೋ ತೆಗೆಯಲು ಪಿಎಚ್‌ಡಿ ಬೇಡ. ತೊಳೆಯಬೇಡ್ರಿ, ಸೀಮೆಸುಣ್ಣ ತುಂಬಬೇಡ್ರಿ, ಅಷ್ಟೇ.

ಮೆಲ್ಬರ್ನಿಗೆ ಹೋದ ಗೆಳೆಯರು ಹೇಳುತ್ತಾರೆ, ಅಲ್ಲಿ ಬಡಾವಣೆಗೊಂದು ಇತಿಹಾಸ ಸಂಘ, ರಿಟೈರ್ ಆದವರು ಕೂತು ಹಳೇ ಫೋಟೋಗಳಿಗೆ ನಂಬರ್ ಹಾಕುತ್ತಾರಂತೆ. ಆ ಊರು ಹುಟ್ಟಿದ್ದೇ 1835ರಲ್ಲಿ. ಅವರ ಯಾದಿಯಲ್ಲೂ ಕೊರತೆ ಇತ್ತು. ಅಲ್ಲಿನ ಮೂಲನಿವಾಸಿಗಳ ಸಾವಿರಾರು ವರ್ಷ ಬಹಳ ಕಾಲ ಅದರ ಹೊರಗೇ ಉಳಿದಿತ್ತು. ಅದಕ್ಕೇ ಯಾದಿಯನ್ನು ಗೌಡರ, ಸ್ವಾಮಿಗಳ, ರಾಜರ ಹೆಸರಿಗೆ ಮುಗಿಸಬಾರದು ಅನ್ನೋದು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಯಿತು, ಇಬ್ಬರು ಸತ್ತರು. ಯಾವ ಪಕ್ಷದವರಿಗೆ ಮುಜುಗರ ಆದರೂ ಸರಿ, ಅದೂ ಈ ಯಾದಿಯಲ್ಲಿ ಬರಬೇಕು.

'ರೊಕ್ಕ ಎಲ್ಲೈತ್ರಿ?' ಅಂತ ಕೇಳುತ್ತಾರೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಐತಿ. ಪಂಚಾಯ್ತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಅಂತ ಹೆಸರೂ ಇಟ್ಟಾಗಿದೆ. ಅಲ್ಲಿ ಊರಿನದೇ ಒಂದು ಕಪಾಟು, ಅದರೊಳಗೆ ಊರಿನ ಶಾಸನದ ಜೆರಾಕ್ಸ್, ಫೋಟೋಗಳ ವಹಿ, ರೆಕಾರ್ಡಿಂಗ್ ತುಂಬಿದ ಪೆನ್‌ಡ್ರೈವ್, ಇನ್ನೊಂದು ಪ್ರತಿ ತಾಲೂಕಿನಲ್ಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಕಪಾಟು ಕೇಳ್ರಿ. ಇಲ್ಲ ಅಂದರೆ, ಇಲ್ಲ ಅಂದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸ್ರಿ.