ಐದಕ್ಕೆ ಎರಡು

ಒಲೆಯ ಮೇಲಿನ ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿ ಒಂದು ಅಗುಳನ್ನು ಹಿಸುಕಿ ನೋಡುತ್ತಾಳೆ. ಬೆಂದಿಲ್ಲವೆಂದು ಕಂಡರೆ ಇನ್ನಷ್ಟು ಹೊತ್ತು ಬೇಯಿಸುತ್ತಾಳೆಯೇ ಹೊರತು ಅನ್ನಕ್ಕೆ ಅಂಕ ಕೊಡುವುದಿಲ್ಲ. ಎಲೆಯ ಮುಂದೆ ಕುಳಿತವರು ರುಚಿ ನೋಡಿ ಹೇಳುವ ತೀರ್ಪು ಬೇರೆ, ಒಲೆಯ ಮುಂದೆ ನಿಂತವಳು ಅಗುಳು ಹಿಸುಕುವುದು ಬೇರೆ. ಶಾಲೆಯಲ್ಲಿ ಮಾತ್ರ ಇವೆರಡೂ ಪರೀಕ್ಷೆಯೆಂಬ ಒಂದೇ ಹೆಸರಿನಲ್ಲಿ ನಡೆದುಹೋಗುತ್ತವೆ.

ತತ್ತ್ವಜ್ಞ ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಈ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ. ಕನ್ನಡದಲ್ಲಿ ಅವು ‘ರೂಪಣಾತ್ಮಕ’ ಮತ್ತು ‘ಸಂಕಲನಾತ್ಮಕ’ ಮೌಲ್ಯಮಾಪನಗಳಾಗಿವೆ. ಬಿ.ಎಡ್. ಓದುವವರೆಲ್ಲರೂ ಈ ವ್ಯತ್ಯಾಸವನ್ನು ಬಾಯಿಪಾಠ ಮಾಡಿ, ಅದರ ಮೇಲಿನ ಪ್ರಶ್ನೆಗೆ ಅಂಕ ಗಳಿಸಿ, ಮರೆಯುತ್ತಾರೆ. ಗಣಿತದ ಪದವೀಧರೆಯೊಬ್ಬಳು ಎರಡನೆಯ ವರ್ಷದ ಅಭ್ಯಾಸ ಬೋಧನೆಗಾಗಿ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಗೆ ಬಂದಾಗ ಅವಳ ಸ್ಥಿತಿಯೂ ಅಷ್ಟೇ ಆಗಿತ್ತು. ಅಂಕವೆಂದರೆ ತಕ್ಕಡಿ, ಅದು ಯಾರ ಮುಖವನ್ನೂ ನೋಡುವುದಿಲ್ಲ, ಆದುದರಿಂದ ಅದೇ ನ್ಯಾಯ. ಇದು ಆಕೆಯ ನಂಬಿಕೆ.

ಎಂಟನೆಯ ತರಗತಿಗೆ ಆಕೆ ಭಿನ್ನರಾಶಿಗಳ ಸಂಕಲನವನ್ನು ಪುನರಾವರ್ತನೆ ಮಾಡಿಸಿದಳು. ಛೇದಗಳನ್ನು ಸಮಗೊಳಿಸುವ ಕ್ರಮವನ್ನು ಕಪ್ಪುಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆದು, “ಅರ್ಥವಾಯಿತೇ?” ಎಂದು ಕೇಳಿದಳು. “ಆಯಿತು ಮಿಸ್!” ಎಂದು ನಲವತ್ತೆರಡು ಕಂಠಗಳು ಒಂದಾಗಿ ಕೂಗಿದವು. ಮೊದಲ ಸಾಲಿನ ಹುಡುಗಿಯನ್ನು ಎಬ್ಬಿಸಿ ಕೇಳಿದರೆ ಉತ್ತರವೂ ಸರಿಯಾಗಿ ಬಂತು. ಒಂದು ಅಗುಳು ಬೆಂದಿತ್ತು. ಆದರೆ ಒಂದು ಪಾತ್ರೆಯ ಅಕ್ಕಿಗೆ ಒಂದೇ ಉರಿ ತಗಲುವ ಹಾಗೆ ಒಂದು ಕೋಣೆಯ ಮಕ್ಕಳಿಗೆ ಒಂದೇ ಪಾಠ ತಗಲುವುದಿಲ್ಲವೆಂಬುದು ವಾರದ ಕೊನೆಯ ಕಿರುಪರೀಕ್ಷೆಯಲ್ಲಿ ಗೊತ್ತಾಯಿತು.

ಹನ್ನೊಂದು ಮಂದಿ 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದಿದ್ದರು. ಅಂಶಕ್ಕೆ ಅಂಶ, ಛೇದಕ್ಕೆ ಛೇದ! ಹಿಂದಿನ ಬೆಂಚಿನ ಹುಡುಗನೊಬ್ಬನಂತೂ ಎಲ್ಲ ಲೆಕ್ಕಗಳನ್ನೂ ಹೀಗೆಯೇ ಮಾಡಿ ಸೊನ್ನೆ ಪಡೆದಿದ್ದ. ಅವನು ದಡ್ಡನೆಂದು ಶಾಲೆಯಲ್ಲಿ ಹೆಸರಾಗಿತ್ತು. ಆ ಸಂಜೆ ಅವನನ್ನು ಕರೆದು ಗದರಿಸಬೇಕೆಂದಿದ್ದ ಆಕೆ, ಅದೇಕೋ, “ಹೀಗೇಕೆ ಮಾಡಿದೆ? ಹೇಳು” ಎಂದು ಕೇಳಿದಳು.

ಹುಡುಗ ಬಹಳ ಹೊತ್ತು ನೆಲ ನೋಡಿದ. ಬಳಿಕ ಚೀಲದಿಂದ ಹಿಂದಿನ ವಾರದ ಉತ್ತರಪತ್ರಿಕೆಯನ್ನು ತೆಗೆದು ಮುಂದಿಟ್ಟ. “ನೀವೂ ಹೀಗೇ ಕೂಡಿದ್ದೀರಲ್ಲ ಮಿಸ್!” ಎಂದ.

ಎರಡು ಅಂಕದ ಮೊದಲ ಪ್ರಶ್ನೆಗೆ ಒಂದಂಕ ಬಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 1/2 ಎಂದಿತ್ತು. ಮೂರು ಅಂಕದ ಎರಡನೆಯ ಪ್ರಶ್ನೆಗೂ ಒಂದೇ ಅಂಕ, ಅಲ್ಲಿ 1/3. ಕೆಳಗೆ, ಎರಡು ಗೆರೆಗಳ ನಡುವೆ, ಆಕೆಯ ಕೈಬರಹದಲ್ಲೇ ಒಟ್ಟು ಮೊತ್ತ: 2/5.

ಆಕೆ ಸ್ತಬ್ಧಳಾದಳು. ಹುಡುಗ ಊಹೆಯಿಂದ ಬರೆದಿರಲಿಲ್ಲ. ವರ್ಷವರ್ಷವೂ ತನ್ನ ಕೈಸೇರಿದ ಪತ್ರಿಕೆಗಳಿಂದಲೇ ಅವನೊಂದು ಸೂತ್ರವನ್ನು ಕಂಡುಕೊಂಡಿದ್ದ. ಅಂಕ ಕೊಡುವ ಕೈಯೇ ತಪ್ಪನ್ನು ಕಲಿಸಿತ್ತು. ಕಲಿಸಿ, ಅದಕ್ಕೆ ಸೊನ್ನೆಯನ್ನೂ ಕೊಟ್ಟಿತ್ತು.

“ಅರ್ಧ ರೊಟ್ಟಿ ಇದ್ದವನಿಗೆ ಅಂಥದೇ ರೊಟ್ಟಿಯ ಮೂರನೆಯ ಒಂದು ಭಾಗವನ್ನೂ ಕೊಟ್ಟರೆ ಅವನ ಪಾಲು ಹೆಚ್ಚೋ ಕಡಿಮೆಯೋ?” ಎಂದು ಆಕೆ ಕೇಳಿದಳು. “ಹೆಚ್ಚು.” “ಐದರಲ್ಲಿ ಎರಡು ಭಾಗ ಅರ್ಧಕ್ಕಿಂತ ಹೆಚ್ಚೋ?” ಹುಡುಗ ಬೆರಳು ಮಡಿಚಿ ನೋಡಿದ, ಅವನ ಹುಬ್ಬು ಮೇಲೇರಿತು. ಅಂಕಗಳನ್ನು ಕೂಡುವಾಗ ಎರಡು ಬೇರೆ ಬೇರೆ ಇಡಿಗಳು ಸೇರಿ ಐದರ ಹೊಸ ಇಡಿಯಾಗುತ್ತದೆ, ಭಿನ್ನರಾಶಿಗಳನ್ನು ಕೂಡುವಾಗ ಇಡಿ ಒಂದೇ ಎಂಬುದನ್ನು ಮನಗಾಣಿಸಲು ಹತ್ತು ನಿಮಿಷ ಸಾಕಾಯಿತು.

ಅಂದಿನಿಂದ ಆಕೆಗೆ ಅಂಕದ ಮೇಲೆಯೇ ಜಿಗುಪ್ಸೆ ಹುಟ್ಟಿತು. ಗ್ರಂಥಾಲಯದಲ್ಲಿ ಹುಡುಕಿದಷ್ಟೂ ಅದಕ್ಕೆ ಬೆಂಬಲ ದೊರೆಯಿತು. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬುವರು 1913ರಲ್ಲಿಯೇ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಅಧ್ಯಾಪಕರಿಂದ ತಿದ್ದಿಸಿದ್ದರು. ನೂರಕ್ಕೆ ಮೂವತ್ತನ್ನೂ ಕೊಡದವರಿದ್ದರು. ತೊಂಬತ್ತನ್ನು ದಾಟಿಸಿದವರೂ ಇದ್ದರು. ನಮ್ಮಲ್ಲಿ ಲಕ್ಷ್ಮಣಸ್ವಾಮಿ ಮೊದಲಿಯಾರರ ಪ್ರೌಢ ಶಿಕ್ಷಣ ಆಯೋಗ 1952–53ರಲ್ಲಿ, ಅಂಕೆಗಳ ಬದಲು ಸಂಕೇತಗಳನ್ನು ಬಳಸಬೇಕೆಂದೂ ಶಾಲೆಯೊಳಗಿನ ಪರೀಕ್ಷೆಗಳಿಗೆ ಬೆಲೆ ಕೊಡಬೇಕೆಂದೂ ಸಲಹೆ ಮಾಡಿತ್ತು. ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರಿಯ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಮೇಲೇರಿದ್ದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ದೊರೆತಿರಲಿಲ್ಲ.

ಆಕೆ ಇನ್ನು ಅಂಕ ಕೊಡುವುದೇ ಇಲ್ಲವೆಂದು ನಿಶ್ಚಯಿಸಿದಳು. ಪ್ರತಿ ಪತ್ರಿಕೆಗೂ ಟಿಪ್ಪಣಿ ಬರೆಯಲು ಐದು ನಿಮಿಷ. ನಲವತ್ತೆರಡಕ್ಕೆ ಮೂರೂವರೆ ಗಂಟೆ. ರಾತ್ರಿ ಹನ್ನೆರಡರವರೆಗೆ ಬರೆದ ಟಿಪ್ಪಣಿಗಳನ್ನು ಮಕ್ಕಳು ಬೆಳಿಗ್ಗೆ ತಿರುಗಿಸಿ ನೋಡಿ, “ಎಷ್ಟು ಬಂತು ಮಿಸ್?” ಎಂದು ಕೇಳಿದರು.

ಶಾಲೆಯ ಹಿರಿಯ ಗಣಿತದ ಮೇಷ್ಟ್ರು ಇದನ್ನೆಲ್ಲ ಗಮನಿಸುತ್ತಿದ್ದರು. “ಅಂಕ ಬೇಡವೆನ್ನುವುದು ಸುಲಭ ಕಣಮ್ಮ,” ಎಂದರು ಒಂದು ದಿನ. “ಈ ಮಕ್ಕಳಲ್ಲಿ ಎಷ್ಟೋ ಮಂದಿಯ ತಂದೆತಾಯಿ ಕೂಲಿಗೆ ಹೋಗುವವರು. ಅವರ ಪರವಾಗಿ ಮಾತಾಡುವುದಕ್ಕೆ ಯಾರಿದ್ದಾರೆ? ವಶೀಲಿ ಇಲ್ಲದ ಮನೆಯ ಮಗುವಿಗೆ ಅಂಕಪಟ್ಟಿಯೇ ವಶೀಲಿ. ಅದನ್ನು ಕಿತ್ತುಕೊಳ್ಳಬೇಡ. ಯಾವಾಗ ಕೊಡಬೇಕೆಂಬುದನ್ನು ಯೋಚಿಸು.”

ಅದೇ ವಾರ ಆಕೆಯ ಪಾಠವನ್ನು ವೀಕ್ಷಿಸಲು ಕಾಲೇಜಿನ ಉಪನ್ಯಾಸಕರು ಬಂದರು. ವೀಕ್ಷಣಾ ಪತ್ರದಲ್ಲಿ ‘ಸಾಧಾರಣ’ ಎಂಬಲ್ಲಿ ಗುರುತು ಹಾಕಿ ಕೊಟ್ಟರು. ಏನು ತಿದ್ದಿಕೊಳ್ಳಬೇಕೆಂದು ಅದರಲ್ಲಿ ಒಂದು ಮಾತೂ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗ ಎಂಟು ವರ್ಷ ಅನುಭವಿಸಿದ್ದನ್ನು ಆಕೆ ಒಂದು ಸಂಜೆ ಅನುಭವಿಸಿದಳು.

ಈ ಎರಡು ಪಾಠಗಳಿಂದ ಆಕೆಯ ಕ್ರಮ ಒಂದು ಹದಕ್ಕೆ ಬಂತು. ಪರೀಕ್ಷೆಯ ಮರುದಿನ ಪತ್ರಿಕೆಗಳನ್ನು ಅಂಕವಿಲ್ಲದೆ ಹಿಂದಿರುಗಿಸುವುದು. ತಪ್ಪುಗಳನ್ನು ಮೂರು ರಾಶಿ ಮಾಡುವುದು: ಅವಸರದ ತಪ್ಪು, ಅಭ್ಯಾಸ ಸಾಲದ ತಪ್ಪು, ಭಾವನೆಯಲ್ಲೇ ಇರುವ ತಪ್ಪು. ಮೊದಲೆರಡಕ್ಕೆ ಇಡೀ ತರಗತಿಗೆ ಒಂದು ಮಾತು, ಮೂರನೆಯದಕ್ಕೆ ಮಾತ್ರ ಮಗುವಿನೊಡನೆ ಕುಳಿತು, “ಹೀಗೇಕೆ?” ಎಂಬ ಪ್ರಶ್ನೆ. ಮಕ್ಕಳು ತಾವೇ ತಿದ್ದಿಕೊಂಡ ಬಳಿಕ ಅಂಕ, ದಾಖಲೆಗೆ. ಅದನ್ನೂ ಭಿನ್ನರಾಶಿಯಂತೆ ಬರೆಯದೆ, ‘2 ಅಂಕಗಳಲ್ಲಿ 1’ ಎಂದು ಬರೆಯುವುದು.

ಎಲ್ಲ ಮಕ್ಕಳೂ ಇದರಿಂದ ಮೇಲೇರಲಿಲ್ಲ. ಹನ್ನೊಂದು ಮಂದಿಯಲ್ಲಿ ಮೂವರು ಹಳೆಯ ಹಾದಿಯಲ್ಲೇ ಉಳಿದರು. ಅವರಿಗೆ ಬೇಕಾದಷ್ಟು ಕಾಲ ತರಬೇತಿಯ ಅವಧಿಯಲ್ಲಿ ಇರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುವ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ವು ಅನೇಕ ಶಾಲೆಗಳಲ್ಲಿ ವರ್ಷಕ್ಕೊಂದರ ಬದಲು ಹಲವು ಪರೀಕ್ಷೆಗಳಾಗಿ ಉಳಿದಿರುವುದಕ್ಕೂ ಈ ಕಾಲಾಭಾವವೇ ಒಂದು ಕಾರಣ. ದಾಖಲೆ ಪುಸ್ತಕ ತುಂಬುವಷ್ಟು ಹೊತ್ತು ಅಧ್ಯಾಪಕನಿಗೆ ಸಿಕ್ಕುತ್ತದೆ. ಮಗುವಿನ ಮುಂದೆ ಕೂಡುವಷ್ಟು ಹೊತ್ತು ಸಿಕ್ಕುವುದಿಲ್ಲ.

ಆಕೆ ಶಾಲೆ ಬಿಡುವ ಮುನ್ನ ಕೊನೆಯ ಕಿರುಪರೀಕ್ಷೆ ನಡೆಯಿತು. ಹಿಂದಿನ ಬೆಂಚಿನ ಹುಡುಗ 1/4ಕ್ಕೆ 1/5 ಕೂಡಿಸಿ 9/20 ಎಂದು ಬರೆದಿದ್ದ. ಪಕ್ಕದಲ್ಲಿ ಸೀಸದ ಕಡ್ಡಿಯಿಂದ, ಯಾರೂ ಕೇಳದ ಇನ್ನೊಂದು ಸಾಲಿತ್ತು: “ಕಾಲಿಗಿಂತ ಹೆಚ್ಚು, ಅರ್ಧಕ್ಕಿಂತ ಕಡಿಮೆ. ಸರಿ ಇರಬೇಕು.”

ಕೆಂಪು ಶಾಯಿ ಮುಟ್ಟುವ ಮೊದಲೇ ಆ ಪತ್ರಿಕೆಯ ಮೌಲ್ಯಮಾಪನ ಮುಗಿದಿತ್ತು.