ಹಳ್ಳಿಯ ಮನೆಯೂ ಮೇಸ್ತ್ರಿಯ ನೀರೂ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ನಿಂತ ಕೂಡಲೇ ನಮ್ಮ ಹಳ್ಳಿಗಳಲ್ಲಿ ಮನೆ ಕಟ್ಟುವ ಮಾತು ಏಳುತ್ತದೆ. ಮೇಸ್ತ್ರಿಯನ್ನು ಕರೆಸಿದ ಯಜಮಾನರು ಕೇಳುವ ಮೊದಲ ಪ್ರಶ್ನೆ, “ಚದರಡಿಗೆ ಎಷ್ಟು?” ಎಂಬುದು. ಅನೇಕ ವೇಳೆ ಕೊನೆಯ ಪ್ರಶ್ನೆಯೂ ಅದೇ. ಯಾರು ಕಡಮೆ ಹೇಳಿದರೋ ಅವರಿಗೆ ವೀಳ್ಯದೊಡನೆ ಮುಂಗಡವೂ ಸಲ್ಲುತ್ತದೆ. ಇಪ್ಪತ್ತು ವರ್ಷಗಳ ಉಳಿತಾಯದ ಹಣೆಬರಹ ಹೀಗೆ ಒಂದೇ ಸಂಜೆಯಲ್ಲಿ ನಿರ್ಧಾರವಾಗಿಬಿಡುತ್ತದೆ. ಈ ಕ್ರಮ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ರಸಾಯನಶಾಸ್ತ್ರ ಓದುತ್ತಿರುವ ಮಗನೋ ಮಗಳೋ ಆ ಮನೆಯಲ್ಲಿದ್ದು, ಸುಮ್ಮನೆ ಕುಳಿತಿರುವುದಂತೂ ಇನ್ನೂ ಸರಿಯಲ್ಲ. ಮೇಸ್ತ್ರಿಯ ಯೋಗ್ಯತೆಯನ್ನು ಅರಿಯಲು ದರಕ್ಕಿಂತ ಉತ್ತಮವಾದ ಒರೆಗಲ್ಲೊಂದು ಉಂಟು. ಅದು ನೀರು.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂಬುದು ಬಹುಜನರ ನಂಬಿಕೆ. ವಾಸ್ತವವಾಗಿ ಅದು ನೀರಿನೊಡನೆ ರಾಸಾಯನಿಕ ಸಂಯೋಗ ಹೊಂದಿ ಗಟ್ಟಿಯಾಗುತ್ತದೆ. 50 ಕಿಲೋಗ್ರಾಂ ತೂಕದ ಚೀಲವೊಂದರ ಸಿಮೆಂಟಿಗೆ ಈ ಸಂಯೋಗಕ್ಕಾಗಿ ಬೇಕಾದ ನೀರು ಸುಮಾರು 12 ಲೀಟರು ಮಾತ್ರ. ಕಲಸಿ ಹರಡುವ ಅನುಕೂಲಕ್ಕಾಗಿ ಇನ್ನಷ್ಟು ಸೇರಿಸಬೇಕಾಗುತ್ತದೆ, ನಿಜ. ಆದರೆ 2000ದಲ್ಲಿ ಪ್ರಕಟವಾದ ಭಾರತೀಯ ಮಾನಕವು, ಮನೆಯ ತಾರಸಿಗೆ ಬಳಸುವಂತಹ 1:1½:3ರ ಮಿಶ್ರಣಕ್ಕೆ ಚೀಲವೊಂದಕ್ಕೆ 30 ಲೀಟರಿನ ಮಿತಿಯನ್ನು ವಿಧಿಸಿತು. ಒದ್ದೆ ಮರಳಿನಲ್ಲಿರುವ ತೇವವೂ ಈ ಲೆಕ್ಕದೊಳಗೇ ಸೇರಬೇಕು. ಮಿತಿಮೀರಿ ಸುರಿದ ನೀರು ಮುಂದೆ ಆವಿಯಾಗಿ ಹೋಗುತ್ತದೆ. ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಅವುಗಳ ಮೂಲಕ ಮಳೆಯ ನೀರು ಒಳಹೊಕ್ಕು ಕಬ್ಬಿಣದ ಸರಳುಗಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸಿಡಿಸುತ್ತದೆ. ಸಿಮೆಂಟಿಗೆ ಹೋಲಿಸಿದಂತೆ ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುವುದೆಂಬುದನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿಯೇ ಪ್ರಯೋಗಗಳಿಂದ ತೋರಿಸಿದನು. ಆದರೂ ಕೆಲಸ ಬೇಗ ಸಾಗಲೆಂದು ಕೊಡಗಟ್ಟಲೆ ನೀರು ಸುರಿದು, ಕಾಂಕ್ರೀಟನ್ನು ಗಂಜಿಯಂತೆ ಕಲಸುವ ಕೈಗಳಿಗೆ ಇಂದಿಗೂ ಬರವಿಲ್ಲ.

ವಿಚಿತ್ರವೆಂದರೆ, ಕಲಸುವಾಗ ಇಷ್ಟು ಉದಾರಿಗಳಾದವರು ಕಾಂಕ್ರೀಟು ಬಿಗಿದ ಮೇಲೆ ಅದೇ ನೀರಿನ ವಿಷಯದಲ್ಲಿ ಜಿಪುಣರಾಗುತ್ತಾರೆ. ಸಂಯೋಗಕ್ರಿಯೆ ಒಂದೇ ದಿನದಲ್ಲಿ ಮುಗಿಯತಕ್ಕದ್ದಲ್ಲ. ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ ಅಥವಾ ಬಿಸಿಲು ಪ್ರಖರವಾಗಿದ್ದರೆ ಕನಿಷ್ಠ 10 ದಿನ, ಕಾಂಕ್ರೀಟು ಎಡೆಬಿಡದೆ ಒದ್ದೆಯಾಗಿರಬೇಕು. ನಮ್ಮಲ್ಲಿಯೋ ತಾರಸಿ ಹಾಕುವ ಕಾಲಕ್ಕೆ ವೈಶಾಖ ಬಂದಿರುತ್ತದೆ, ಬಾವಿ ಬತ್ತಿರುತ್ತದೆ. ಅಲ್ಲದೆ ಚದರಡಿ ಲೆಕ್ಕದ ಗುತ್ತಿಗೆಯಲ್ಲಿ ನೀರುಣಿಸುವ ಕೂಲಿಯ ಪ್ರಸ್ತಾಪವೇ ಇರುವುದಿಲ್ಲ. ಅದು ಮನೆಯವರ ಕೆಲಸವೆಂದು ಮೇಸ್ತ್ರಿ ತಿಳಿಯುತ್ತಾನೆ, ಮೇಸ್ತ್ರಿಯ ಕೆಲಸವೆಂದು ಮನೆಯವರು ತಿಳಿಯುತ್ತಾರೆ. ದೋಷವನ್ನೆಲ್ಲ ಮೇಸ್ತ್ರಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೇಗ ಮುಗಿಸಿದರೆ ಮಾತ್ರ ಲಾಭವೆಂಬ ಏರ್ಪಾಟಿಗೆ ಒಪ್ಪಿದವರು ನಾವೇ ಅಲ್ಲವೆ?

ನೆಲದೊಳಗಿನ ನೀರಿನದು ಬೇರೆಯೇ ಕಥೆ. ಗದಗಿನ ಕಡೆ ನಾವು ನೋಡಿದ ಒಂದು ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕೊಂದು ಹೊರಟಿತ್ತು. ಬೇಸಗೆಯಲ್ಲಿ ಬೆರಳು ತೂರುವಷ್ಟು ಬಾಯಿ ತೆರೆಯುವ ಅದು ಮಳೆಗಾಲದಲ್ಲಿ ಕಿರಿದಾಗುವುದಂತೆ. ಅಲ್ಲಿಯ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಮನೆ ಕಟ್ಟಿದ ಮೇಸ್ತ್ರಿ ಜಂಬಿಟ್ಟಿಗೆ ನೆಲದಲ್ಲಿ ಪಳಗಿದವನು. ಅಲ್ಲಿ ಸಾಕಾಗುತ್ತಿದ್ದ ಎರಡಡಿಯ ಪಾಯವನ್ನೇ ಇಲ್ಲಿಯೂ ತೆಗೆದಿದ್ದನು. ಎರೆನೆಲದಲ್ಲಿ ಪಾಯವು ಮಣ್ಣಿನ ಬಿರುಕುಗಳ ಆಳವನ್ನು ದಾಟಿ ಗಟ್ಟಿ ಗರಸನ್ನು ಮುಟ್ಟಬೇಕು. ಗರಸು ಬಹಳ ಆಳದಲ್ಲಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬಳಕೆಗೆ ತಂದ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳುಂಟು. ಇದಕ್ಕೆ ಇಂಜಿನಿಯರೊಬ್ಬರ ಸಲಹೆ ಬೇಕೇಬೇಕು. ಆ ಶುಲ್ಕವನ್ನು ದಂಡವೆಂದು ಭಾವಿಸುವವರು ಗೃಹಪ್ರವೇಶದ ಊಟಕ್ಕೆ ಅದರ ಎಷ್ಟು ಪಟ್ಟು ವೆಚ್ಚಮಾಡುತ್ತಾರೆಂಬುದನ್ನು ನಾವು ಕಂಡಿದ್ದೇವೆ.

ಆದುದರಿಂದ ಮೇಸ್ತ್ರಿಯನ್ನು ಗೊತ್ತುಮಾಡುವ ಮುನ್ನ, ನಿಮ್ಮದರಂತಹ ನೆಲದಲ್ಲಿಯೇ ಆತ ಕಟ್ಟಿದ, ಎರಡು ಮೂರು ಮಳೆಗಾಲ ಕಂಡ ಮನೆಗಳಿಗೆ ಹೋಗಿಬನ್ನಿ. ಯಜಮಾನರು ಅಭಿಮಾನಕ್ಕಾಗಿ ದೋಷ ಮುಚ್ಚಿಟ್ಟಾರು. ಎಲ್ಲಿ ಸೋರುತ್ತದೆಂಬುದನ್ನು ಅಡುಗೆಮನೆಯಲ್ಲಿರುವ ತಾಯಂದಿರು ಹೇಳುತ್ತಾರೆ. ಚೀಲಕ್ಕೆ ಎಷ್ಟು ನೀರು ಹಾಕುವಿರೆಂದು ಮೇಸ್ತ್ರಿಯನ್ನೇ ವಿನಯದಿಂದ ಕೇಳಿ. ಲೆಕ್ಕ ಹೇಳುವವನು ಒಬ್ಬ, ನಗುವವನು ಇನ್ನೊಬ್ಬ. ಕರಾರು ಕಾಗದದ ಮೇಲಿರಲಿ. ಪಾಯ, ಗೋಡೆ, ತಾರಸಿ ಎಂದು ಹಂತಹಂತವಾಗಿ ಹಣ ಸಲ್ಲಲಿ, ಸ್ವಲ್ಪ ಭಾಗ ಮೊದಲ ಮಳೆಗಾಲ ಕಳೆಯುವವರೆಗೆ ನಿಲ್ಲಲಿ. ನೀರುಣಿಸುವ ಕೂಲಿಗೆ ಪ್ರತ್ಯೇಕವಾದ ಒಂದು ಸಾಲಿರಲಿ. ಅದಕ್ಕಾಗಿ ದರ ಸ್ವಲ್ಪ ಏರಿದರೆ ಕೊಡತಕ್ಕದ್ದೇ.

ತಾರಸಿ ಹಾಕಿದ ಮರುದಿನ ಅದರ ಮೇಲೆ ಮಣ್ಣಿನ ಸಣ್ಣ ಬದುಗಳನ್ನು ಕಟ್ಟಿ ನೀರು ನಿಲ್ಲಿಸಬೇಕು. ನೀರು ಸಾಲದಿದ್ದರೆ ಗೋಣಿತಾಟನ್ನೋ ಹುಲ್ಲನ್ನೋ ಹೊದಿಸಿ ತೋಯಿಸುತ್ತಿರಬೇಕು. ಗೋಡೆಯ ಮೇಲೆ ಇದ್ದಲಿನಿಂದ ಆ ದಿನದ ತಾರೀಖನ್ನು ಬರೆದು, ದಿನ ಎಣಿಸುವ ಕೆಲಸವನ್ನು ಮನೆಯ ವಿದ್ಯಾರ್ಥಿಯೇ ವಹಿಸಿಕೊಳ್ಳಬಹುದು.